ಚಿತ್ರವಿಲ್ಲದ ಆಟ, ಚದುರದ ಸಮುದಾಯ

2025ರ ಆಗಸ್ಟ್ ತಿಂಗಳಿನಲ್ಲಿ ಆನ್‌ಲೈನ್ ಆಟಗಳ ಉತ್ತೇಜನ ಹಾಗೂ ನಿಯಂತ್ರಣದ ಮಸೂದೆಯನ್ನು ನಮ್ಮ ಸಂಸತ್ತು ಅಂಗೀಕರಿಸಿತು. ಅದೇ ತಿಂಗಳ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಹಣ ಕಟ್ಟಿ ಹಣ ಗಳಿಸುವ ಆಸೆಯಿಂದ ಆಡುವ ಆಟಗಳನ್ನು ನಿಷೇಧಿಸುವ ಈ ಕಾಯಿದೆ, ಇ-ಕ್ರೀಡೆಗಳನ್ನೂ ಸಾಮಾಜಿಕ ಆಟಗಳನ್ನೂ ಬೇರೆಯಾಗಿ ಗುರುತಿಸುತ್ತದೆ. ಗಣಕದ ಆಟವೆಂದರೆ ಎಲ್ಲವೂ ಒಂದೇ, ಎಲ್ಲವೂ ಕಾಲಹರಣ ಎಂದು ತಿಳಿದಿರುವ ನಮ್ಮ ಮನೆಗಳಲ್ಲಿ ಈ ವಿಂಗಡಣೆ ಇನ್ನೂ ಸಾಕಷ್ಟು ಚರ್ಚೆಯಾಗಿಲ್ಲ. ಆಟವೊಂದು ಯಾವಾಗ ಸಾಮಾಜಿಕವಾಗುತ್ತದೆ? ಇದನ್ನು ಅರಿಯಲು, ಪರದೆಯ ಮೇಲೆ ಚಿತ್ರವೇ ಇರದಿದ್ದ ಆಟಗಳ ಚರಿತ್ರೆಯತ್ತ ಒಮ್ಮೆ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ ಹಲವರು ಏಕಕಾಲದಲ್ಲಿ ಆಡಬಹುದಾದ ಒಂದು ಆಟವನ್ನು ರಚಿಸಲು ತೊಡಗಿದರು. 1980ರಲ್ಲಿ ಅದರ ಹೊಣೆ ಸಹಪಾಠಿ ರಿಚರ್ಡ್ ಬಾರ್ಟಲ್ ಅವರ ಕೈಸೇರಿತು. 'ಮಲ್ಟಿ ಯೂಸರ್ ಡಂಜನ್' ಎಂಬ ಅದರ ಹೆಸರು 'ಮಡ್' ಎಂದು ಮೊಟಕಾಗಿ, ಮುಂದೆ ಆ ಬಗೆಯ ಆಟಗಳಿಗೆಲ್ಲ ಅದೇ ಹೆಸರಾಯಿತು. ಇಲ್ಲಿ ಕಾಡು, ಗವಿ, ನಿಧಿ, ಮಾಂತ್ರಿಕ ಎಲ್ಲವೂ ಬರಹದಲ್ಲಿಯೇ ಇರುತ್ತವೆ. ಆಡುವವನು ಉತ್ತರಕ್ಕೆ ಹೋಗು, ಕತ್ತಿಯನ್ನು ತೆಗೆದುಕೋ ಎಂದು ಬೆರಳಚ್ಚಿಸಿದರೆ, ಮುಂದೇನಾಯಿತೆಂಬುದನ್ನು ಗಣಕವು ವಾಕ್ಯಗಳಲ್ಲಿ ವರ್ಣಿಸುತ್ತದೆ. ಅದೇ ತಾಣದಲ್ಲಿರುವ ಇತರ ಆಟಗಾರರೂ ಅದನ್ನು ಓದುತ್ತಾರೆ, ಮಾತಿಗೆ ಮಾತು ಸೇರಿಸುತ್ತಾರೆ. ವಿಶ್ವವಿದ್ಯಾಲಯದ ಗಣಕಕ್ಕೆ ಬಿಡುವಿರುವ ರಾತ್ರಿಯ ವೇಳೆಯಲ್ಲಿ ಹೊರಗಿನವರೂ ದೂರವಾಣಿಯ ಮೂಲಕ ಬಂದು ಸೇರುತ್ತಿದ್ದರು.

ಈ ಮಾದರಿ ಬಹುಬೇಗ ಹರಡಿತು. 1991ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಐವರು ವಿದ್ಯಾರ್ಥಿಗಳು ತಮ್ಮ 'ಡೀಕೂಮಡ್' ಆಟದ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅವರು ಹಾಕಿದ ಮುಖ್ಯ ಷರತ್ತುಗಳೆಂದರೆ, ಇದರಿಂದ ಯಾರೂ ಲಾಭ ಮಾಡಕೂಡದು ಮತ್ತು ರಚಿಸಿದವರ ಹೆಸರನ್ನು ಅಳಿಸಕೂಡದು. ಇದರ ಆಧಾರದ ಮೇಲೆ ಅಸಂಖ್ಯ ಆಟಗಳು ಹುಟ್ಟಿಕೊಂಡವು. ಹಣದ ಹಾದಿಯೂ ಇದೇ ಕ್ಷೇತ್ರದಲ್ಲಿ ತೆರೆದುಕೊಂಡಿತೆಂಬುದನ್ನು ಮರೆಯಲಾಗದು. 1997ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಅಕೇಯಾ' ಎಂಬ ಆಟವು ಪ್ರವೇಶವನ್ನು ಉಚಿತವಾಗಿಟ್ಟು, ಆಟದೊಳಗಿನ ವಿಶೇಷ ವಸ್ತುಗಳನ್ನು ನಿಜವಾದ ಹಣಕ್ಕೆ ಮಾರುವ ಕ್ರಮವನ್ನು ಅನುಸರಿಸಿತು. ಇಂದು ಮಕ್ಕಳ ಮೊಬೈಲುಗಳಲ್ಲಿ ಕಾಣುವ 'ಉಚಿತ' ಆಟಗಳ ವ್ಯಾಪಾರನೀತಿಯೂ ಇದೇ ಬಗೆಯದು.

ಹಣಕ್ಕಿಂತಲೂ ಕಠಿಣವಾದದ್ದು ಅಧಿಕಾರದ ಪ್ರಶ್ನೆ. 1990ರಲ್ಲಿ ಪಾವೆಲ್ ಕರ್ಟಿಸ್ ಅವರು ಜೆರಾಕ್ಸ್ ಸಂಸ್ಥೆಯ ಕ್ಯಾಲಿಫೋರ್ನಿಯಾದ ಸಂಶೋಧನಾ ಕೇಂದ್ರದಲ್ಲಿ 'ಲ್ಯಾಂಬ್ಡಾಮೂ' ಎಂಬ ಪಠ್ಯಲೋಕವನ್ನು ತೆರೆದರು. ಸದಸ್ಯರ ಜಗಳಗಳಲ್ಲಿ ತಾವಿನ್ನು ತಲೆಹಾಕುವುದಿಲ್ಲವೆಂದು ನಿರ್ವಾಹಕರು 1992ರ ಕೊನೆಗೆ ಘೋಷಿಸಿದರು. ಕೆಲವೇ ತಿಂಗಳುಗಳಲ್ಲಿ ಒಬ್ಬ ಸದಸ್ಯನು ಇತರರ ಪಾತ್ರಗಳು ಅಶ್ಲೀಲವಾಗಿ ವರ್ತಿಸುತ್ತಿರುವಂತೆ ಎಲ್ಲರೆದುರು ಬರೆದು ತೋರಿಸಿದನು. ಬರಿಯ ಅಕ್ಷರಗಳೇ ಆದರೂ ನೊಂದವರ ನೋವು ಬರಿಯದಾಗಿರಲಿಲ್ಲ. ದೀರ್ಘ ಚರ್ಚೆ ನಡೆದರೂ ಸರ್ವಸಮ್ಮತ ತೀರ್ಮಾನವಾಗಲಿಲ್ಲ. ಕೊನೆಗೆ ನಿರ್ವಾಹಕರಲ್ಲಿ ಒಬ್ಬರು ತಾವಾಗಿಯೇ ಆ ಪಾತ್ರವನ್ನು ಅಳಿಸಿಹಾಕಿದರು. ಬಳಿಕ ಸದಸ್ಯರೇ ಮನವಿ ಸಲ್ಲಿಸಿ ಮತ ಹಾಕುವ ವ್ಯವಸ್ಥೆ ಜಾರಿಗೆ ಬಂದಿತು. ಆದರೂ 1996ರಲ್ಲಿ, ಪೂರ್ಣವಾಗಿ ದೂರ ಉಳಿಯುವುದು ಸಾಧ್ಯವಿಲ್ಲವೆಂದು ನಿರ್ವಾಹಕರು ಒಪ್ಪಿಕೊಂಡು ಮತ್ತೆ ಮಧ್ಯಪ್ರವೇಶಿಸತೊಡಗಿದರು. ಯಾರೂ ಆಳದ ಸ್ಥಳವೂ, ಎಲ್ಲದಕ್ಕೂ ಮತ ಹಾಕುವ ಸ್ಥಳವೂ ದುರ್ಬಲರನ್ನು ತಾನಾಗಿ ಕಾಯುವುದಿಲ್ಲವೆಂಬುದು ಇದರ ಸಾರ.

ಇಷ್ಟಾದರೂ ಇಂತಹ ಆಟಗಳು ಅಳಿದುಹೋಗಲಿಲ್ಲ. 1990ರಲ್ಲಿ ಫಿನ್ಲೆಂಡಿನಲ್ಲಿ ಆರಂಭವಾದ 'ಬ್ಯಾಟ್‌ಮಡ್' ಹಾಗೂ ಟೆರಿ ಪ್ರಾಚೆಟ್ ಅವರ ಕಾದಂಬರಿಗಳನ್ನು ಆಧರಿಸಿ 1991ರಲ್ಲಿ ಮೊದಲಾದ 'ಡಿಸ್ಕ್‌ವರ್ಲ್ಡ್ ಮಡ್' ಮೂರು ದಶಕಗಳನ್ನು ದಾಟಿವೆ. ಇವುಗಳನ್ನು ಉಳಿಸಿರುವುದು ಸ್ವಯಂಸೇವಕರ ದುಡಿಮೆ. ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ದೃಷ್ಟಿಹೀನರೂ ಇಂತಹ ಆಟಗಳಲ್ಲಿ ಇತರರ ಸಮಕ್ಕೆ ಆಡಬಲ್ಲರು. ಚಿತ್ರಗಳ ವೈಭವವನ್ನೇ ನಂಬಿದ ಆಟಗಳು ಅವರಿಗೆ ಇಷ್ಟು ಸುಲಭವಾಗಿ ಬಾಗಿಲು ತೆರೆಯುವುದಿಲ್ಲ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಆಗ ವಿದೇಶ ಸಂಚಾರ ನಿಗಮವು ಒದಗಿಸುತ್ತಿದ್ದ ಅಗ್ಗದ ಖಾತೆಗಳಲ್ಲಿ ಕಾಣುತ್ತಿದ್ದುದೂ ಅಕ್ಷರಗಳು ಮಾತ್ರ, ಅದೂ ಇಂಗ್ಲಿಷಿನವು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ಅದು ಸಾಮಾನ್ಯ ಬಳಕೆದಾರರ ಪರದೆಗೆ ಬರಲು ಇನ್ನೂ ಅನೇಕ ವರ್ಷಗಳು ಬೇಕಾದವು. ಹೀಗಾಗಿ ಬರಹದಿಂದಲೇ ಲೋಕ ಕಟ್ಟುವ ಆ ಕಾಲದ ಉತ್ಸಾಹದಲ್ಲಿ ಕನ್ನಡ ಲಿಪಿಗೆ ಪಾಲು ಸಿಗಲಿಲ್ಲ. ಇಂದು ಆ ಅಡ್ಡಿ ಇಲ್ಲ. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಓದುತ್ತ, ಬರೆಯುತ್ತ ಆಡಬಹುದಾದ ಕನ್ನಡ ಆಟವೊಂದನ್ನು ತಾಂತ್ರಿಕ ಜ್ಞಾನವುಳ್ಳ ಯುವಕ ಯುವತಿಯರು ರೂಪಿಸಿದರೆ ಅದು ಭಾಷೆಗೂ ಉಪಕಾರವಾದೀತು.

ಕಾಯಿದೆಯು ಜೂಜಿನ ಬಾಗಿಲನ್ನು ಮುಚ್ಚಬಹುದು, ಒಳ್ಳೆಯ ಸಮುದಾಯವನ್ನು ಕಟ್ಟಿಕೊಡಲಾರದು. ಆದುದರಿಂದ ಮಗುವಿನ ಕೈಯಿಂದ ಮೊಬೈಲನ್ನು ಕಿತ್ತುಕೊಳ್ಳುವ ಮೊದಲು ಹಿರಿಯರು ಮೂರು ಪ್ರಶ್ನೆಗಳನ್ನು ಕೇಳಬೇಕು. ಈ ಆಟವನ್ನು ನಡೆಸುವವರು ಯಾರು? ಇದರಲ್ಲಿ ಹಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಯಾರಾದರೂ ನೋಯಿಸಿದರೆ ದೂರನ್ನು ಕೇಳುವವರು ಇದ್ದಾರೆಯೇ? ಮನೆಯಿಂದ ದೂರದ ಊರುಗಳಲ್ಲಿ, ಬಿಡುವಿನ ವೇಳೆಯನ್ನು ಕೊಟ್ಟು ಕನ್ನಡ ಸಂಘಗಳನ್ನು ಉಳಿಸಿಕೊಂಡು ಬಂದ ನಮಗೆ ಈ ಪ್ರಶ್ನೆಗಳು ಹೊಸವೇನಲ್ಲ. ಅವುಗಳಿಗೆ ಸಮಾಧಾನಕರವಾದ ಉತ್ತರ ದೊರೆತಲ್ಲಿ, ಹಿರಿಯರೂ ಮಗುವಿನ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ಆಡಿ ನೋಡುವುದರಲ್ಲಿ ತಪ್ಪೇನೂ ಇಲ್ಲ.