ವಡಾಲದ ತಗ್ಗು, ಬಾಕುವಿನ ಲೆಕ್ಕ

ಮಳೆಗಾಲದ ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಾದರೆ ಮುಂಬಯಿಯ ವಡಾಲ, ಆಂಟಾಪ್ ಹಿಲ್ ಕಡೆಯ ತಗ್ಗಿನ ಚಾಳುಗಳಲ್ಲಿ ಜನ ಮೋಡದ ಜೊತೆಗೆ ಉಬ್ಬರದ ಹೊತ್ತನ್ನೂ ವಿಚಾರಿಸಿಕೊಳ್ಳುತ್ತಾರೆ. ಉಬ್ಬರ ಏರಿದಾಗ ಖಾಡಿಯ ನೀರು ನಾಲೆಗಳ ಬಾಯಿ ಕಟ್ಟುತ್ತದೆ. ಅದೇ ಹೊತ್ತಿಗೆ ಮಳೆ ಜಡಿದರೆ ನೀರು ಒಳಗೇ ಏರುತ್ತದೆ. ಫ್ರಿಜ್ ಇಟ್ಟಿಗೆಯ ಮೇಲೇರುತ್ತದೆ, ಅಕ್ಕಿ ಡಬ್ಬ ಅಟ್ಟ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮುಂಬಯಿ ಮುಳುಗಿದ್ದರಲ್ಲಿ ಉಬ್ಬರದ ಪಾಲೂ ಇತ್ತು.

ಭೂಮಿ ಬಿಸಿಯಾದಷ್ಟೂ ಕಡಲು ಏರುತ್ತದೆ, ಬಿರುಮಳೆ ಹೆಚ್ಚುತ್ತದೆ. ಇದರಲ್ಲಿ ಆ ಚಾಳಿನವರ ಪಾಲೆಷ್ಟು? ಸರಾಸರಿ ಭಾರತೀಯನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ, ಅಮೆರಿಕದವನ ಲೆಕ್ಕಕ್ಕೆ ಸುಮಾರು 14 ಟನ್. ಈ ಅನಿಲ ನೂರಾರು ವರ್ಷ ಗಾಳಿಯಲ್ಲೇ ಉಳಿಯುವುದರಿಂದ ಹಳೆಯ ಕಾರ್ಖಾನೆಗಳ ಹೊಗೆಯೂ ಇಂದಿನ ಬಿಸಿಯಲ್ಲಿ ಸೇರಿದೆ. ಹೊಣೆ ಎಲ್ಲರದು, ಆದರೆ ಸಮಪಾಲಲ್ಲ ಎಂದು 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದವೇ ಬರೆದಿಟ್ಟಿತು.

ಬರೆದದ್ದು ನಡೆಯಲಿಲ್ಲ. ಹೊಗೆ ಕಡಿಮೆ ಮಾಡುವ ಖರ್ಚು ಬೀಳುವುದು ಆಯಾ ದೇಶದ ಕಾರ್ಖಾನೆಗಳ ಮೇಲೆ, ಅದರ ಫಲ ಹಂಚಿಹೋಗುವುದು ಇಡೀ ಲೋಕಕ್ಕೆ. ಹಾಗಾಗಿ ಪ್ರತಿ ದೇಶವೂ ಪಕ್ಕದವನು ಮೊದಲು ಮಾಡಲಿ ಎಂದು ಕಾಯುತ್ತದೆ. ನಮ್ಮ ಆರ್ಥಿಕತೆಗೆ ಪೆಟ್ಟು ಕೊಡುವ ಒಪ್ಪಂದ ಬೇಡವೆಂದು ಅಮೆರಿಕದ ಸೆನೆಟ್ 1997ರಲ್ಲಿ 95–0 ಮತಗಳಿಂದ ಹೇಳಿತು. ಕೆನಡಾ 2011ರಲ್ಲಿ ಕ್ಯೋಟೊ ಒಪ್ಪಂದದಿಂದ ಹೊರನಡೆಯುವುದಾಗಿ ತಿಳಿಸಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಗುರಿಯನ್ನು ಆಯಾ ದೇಶವೇ ಹಾಕಿಕೊಳ್ಳಬಹುದು, ತಪ್ಪಿದರೆ ದಂಡವಿಲ್ಲ. ಅದನ್ನೂ ತೊರೆಯುವುದಾಗಿ ಅಮೆರಿಕ ಎರಡು ಸಲ ಘೋಷಿಸಿತು.

ಹಣದ ಕಥೆಯೂ ಅಷ್ಟೆ. 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆಂದು ಶ್ರೀಮಂತ ದೇಶಗಳು ಕೊಟ್ಟ ಮಾತು ಈಡೇರಿದ್ದು 2022ರಲ್ಲಿ, ಅದೂ ಬಹುಪಾಲು ಸಾಲವಾಗಿ. ಕೆಡಿಸಿದವನೇ ಕೆಟ್ಟವನಿಗೆ ಸಾಲ ಕೊಡುವುದನ್ನು ನೆರವು ಎಂದು ಕರೆಯಲು ನನಗೆ ಮನಸ್ಸಿಲ್ಲ. 2024ರಲ್ಲಿ ಬಾಕುವಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ಬಡ ದೇಶಗಳು ಕೇಳಿದ್ದು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್. ಸಿಕ್ಕ ಭರವಸೆ 30,000 ಕೋಟಿ, ಅದೂ 2035ರ ಹೊತ್ತಿಗೆ. ಭಾರತದ ಪ್ರತಿನಿಧಿ ಅಲ್ಲೇ ಎದ್ದು ವಿರೋಧಿಸಿದರು. ಅದು ಸರಿಯಾದ ವಿರೋಧ.

ಆದರೆ ಮುಂಬಯಿಯೊಳಗೆ ನಾವೇನು ಮಾಡುತ್ತಿದ್ದೇವೆ? ಗೋಕರ್ಣದ ಹತ್ತಿರದ ಸಾಣಿಕಟ್ಟಾ ನೋಡಿದವರಿಗೆ ಉಪ್ಪಿನ ಆಗರ ಗೊತ್ತು. ತೂಬು ತೆರೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ಅದು ಒಂದು ಮಡಿಯಿಂದ ಇನ್ನೊಂದಕ್ಕೆ ಹರಿದು, ಬಿಸಿಲಿಗೆ ಗಟ್ಟಿಯಾಗಿ ಉಪ್ಪಾಗುತ್ತದೆ. ವಡಾಲದಿಂದ ಮುಲುಂಡ್‌ವರೆಗೆ ಮುಂಬಯಿಯ ಪೂರ್ವ ದಂಡೆಯಲ್ಲಿ ಅಂಥ ಆಗರಗಳಿವೆ, ಅವುಗಳ ಅಂಚಿಗೆ ಕಾಂಡ್ಲಾ ಕಾಡು. ಮಳೆಗಾಲದಲ್ಲಿ ಈ ಮಡಿಗಳು ಊರಿನ ನೀರನ್ನು ತಮ್ಮೊಳಗೆ ನಿಲ್ಲಿಸಿಕೊಳ್ಳುತ್ತವೆ. ಆದರೆ ಕಡತಗಳಲ್ಲಿ ಅವು ಖಾಲಿ ಜಾಗ. 2024ರಲ್ಲಿ ಕಾಂಜೂರ್, ಭಾಂಡುಪ್, ಮುಲುಂಡ್ ಭಾಗದ ಸುಮಾರು 256 ಎಕರೆ ಆಗರವನ್ನು ಧಾರಾವಿ ಪುನರ್ವಸತಿಗೆ ಕೊಡಲು ಮಹಾರಾಷ್ಟ್ರ ಸಚಿವ ಸಂಪುಟ ಒಪ್ಪಿತು. ಧಾರಾವಿಯವರಿಗೆ ಮನೆ ಬೇಕು, ಎರಡು ಮಾತಿಲ್ಲ. ಆದರೆ ಬಡವರನ್ನು ಒಂದು ತಗ್ಗಿನಿಂದ ಎಬ್ಬಿಸಿ ಇನ್ನೊಂದು ತಗ್ಗಿನಲ್ಲಿ ಕೂರಿಸುವುದು ನ್ಯಾಯವಲ್ಲ. ಲಾಭ ಒಬ್ಬರಿಗೆ, ನೀರು ಇನ್ನೊಬ್ಬರ ಮನೆಗೆ ಎಂಬ ಬಾಕುವಿನ ಲೆಕ್ಕವೇ ಇಲ್ಲಿಯೂ ನಡೆದಿದೆ.

2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ, ಹವಾಮಾನ ಕೆಡದಂತೆ ನೋಡಿಕೊಳ್ಳುವುದು ದೇಶಗಳ ಕಾನೂನಿನ ಹೊಣೆ, ಅದನ್ನು ಮೀರಿದರೆ ಪರಿಹಾರ ತೆರಬೇಕಾಗಬಹುದು ಎಂದು ಸಲಹಾ ಅಭಿಪ್ರಾಯ ನೀಡಿತು. ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಒಯ್ದದ್ದು ವನುವಾಟು ಎಂಬ ಪುಟ್ಟ ದ್ವೀಪದೇಶ. ಆ ಅಭಿಪ್ರಾಯವನ್ನು ಕೈಯಲ್ಲಿ ಹಿಡಿದು ಭಾರತ ತನ್ನ ಪಾಲನ್ನು ಗಟ್ಟಿಯಾಗಿ ಕೇಳಬೇಕು. ಬರುವ ಹಣದ ಮೊದಲ ಕಂತು ತಗ್ಗಿನ ಚಾಳುಗಳಿಗೆ ಸಲ್ಲಬೇಕು. ಅಲ್ಲಿಯವರೆಗೆ, ಉಳಿದಿರುವ ಆಗರಗಳನ್ನು ಮುಟ್ಟಬಾರದು.