ಸತ್ತವರ ಸೆಂಟು

"ನಿಮಗೆ ಅಸಹ್ಯ ಆಗಲ್ವೇ ಟೀಚರ್? ಯಾರೋ ಸತ್ತವರ ಸೆಂಟಂತೆ, ಅದನ್ನ ಹಚ್ಚಿಕೊಂಡು ಶಾಲೆಗೆ ಬಂದಿದ್ದೀರಲ್ಲ!"

ಹೋದ ವರ್ಷ ಬೇಸಿಗೆ ರಜೆ ಮುಗಿಸಿ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನನಗೆ ಸಿಕ್ಕ ಸ್ವಾಗತವಿದು. ಕೇಳಿದವರು ನನಗಿಂತ ಹತ್ತು ವರ್ಷ ಚಿಕ್ಕವರು, ಗಣಿತ ಹೇಳಿಕೊಡುವವರು. ಹಾಜರಿ ಪುಸ್ತಕ ಹಿಡಿದು ತರಗತಿಗೆ ಓಡುವ ಗಡಿಬಿಡಿಯಲ್ಲಿ ವಾದ ಮಾಡುವವರು ಯಾರು? ನಕ್ಕು ಸುಮ್ಮನಾದೆ. ಆದರೆ ಮಾತು ಮನಸ್ಸಿನಲ್ಲಿ ಚುಚ್ಚಿಕೊಂಡೇ ಇತ್ತು. ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ. ಉತ್ತರ ಅವರೊಬ್ಬರಿಗೇ ಅಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಒಂದು ಸೆಂಟಿನ ಬಾಟಲಿಯನ್ನು "ಇರಲಿ, ಒಳ್ಳೆಯ ದಿನಕ್ಕೆ ಆಗುತ್ತೆ" ಎಂದು ಮುಚ್ಚಿಟ್ಟಿರುವ ಎಲ್ಲ ಅಕ್ಕತಂಗಿಯರಿಗೂ ಸೇರಿ.

ನಡೆದದ್ದು ಇಷ್ಟು. ಮಗಳ ಬಾಣಂತನಕ್ಕೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದೆ. ವಾರವೆಲ್ಲ ಮಗುವಿನ ಎಣ್ಣೆನೀರು, ಬಾಣಂತಿಯ ಪಥ್ಯ. ಶನಿವಾರ ಅಳಿಯಂದಿರು ಮನೆಯಲ್ಲಿರುತ್ತಿದ್ದರಿಂದ ನನಗೂ ರಜೆ. ಪಕ್ಕದ ಮನೆಯ ಗುಜರಾತಿ ಹೆಂಗಸು, ನನಗಿಂತ ಹಿರಿಯರು, ಕಾರು ಓಡಿಸಬಲ್ಲವರು, ನನ್ನನ್ನು "ಚಲೋ ಬೆನ್" ಎಂದು ಹತ್ತಿಸಿಕೊಂಡು ಹೊರಡುತ್ತಿದ್ದರು. ಎಲ್ಲಿಗೆಂದುಕೊಂಡಿರಿ? ಹಳೆಯ ಸಾಮಾನಿನ ಮಾರಾಟಕ್ಕೆ.

ಅಲ್ಲಿ ಜನ ಬೇಡದ ಸಾಮಾನನ್ನು ಮನೆ ಮುಂದಿನ ಕಾರು ನಿಲ್ಲಿಸುವ ಜಾಗದಲ್ಲಿ ಹರಡಿಕೊಂಡು ಮಾರುತ್ತಾರೆ. ಅದು ಗ್ಯಾರೇಜ್ ಸೇಲ್. ಬೀದಿಯ ಕಂಬಕ್ಕೆ ಕೈಬರಹದ ಕಾಗದ ಅಂಟಿಸಿರುತ್ತಾರೆ, ಬಾಣದ ಗುರುತು ಹಿಡಿದು ಹೋದರಾಯಿತು. ಇನ್ನೊಂದುಂಟು, ಎಸ್ಟೇಟ್ ಸೇಲ್. ಮನೆಯ ಯಜಮಾನನೋ ಯಜಮಾನಿಯೋ ತೀರಿಕೊಂಡ ಮೇಲೆ ಮಕ್ಕಳು ಇಡೀ ಮನೆಯನ್ನೇ ಮಾರಾಟದವರ ಕೈಗೆ ಒಪ್ಪಿಸುತ್ತಾರೆ. ಬಾಗಿಲಲ್ಲಿ ನಿಮಗೊಂದು ನಂಬರು ಚೀಟಿ ಕೊಟ್ಟು ಒಳಗೆ ಬಿಡುತ್ತಾರೆ. ಬಾಣಲೆಗೂ ಬೆಲೆಚೀಟಿ, ದಿಂಬಿಗೂ ಬೆಲೆಚೀಟಿ. ಮೊದಲ ದಿನ ಹೇಳಿದ ಬೆಲೆ, ಕಡೆಯ ದಿನ ಎಷ್ಟೋ ಕಡೆ ಅದರಲ್ಲಿ ಅರ್ಧ.

ಅಂಥದ್ದೊಂದು ಮನೆಯ ಮಲಗುವ ಕೋಣೆಯಲ್ಲಿ, ಕನ್ನಡಿಯ ಮುಂದಿನ ತಟ್ಟೆಯಲ್ಲಿ ಹನ್ನೊಂದು ಸೆಂಟಿನ ಬಾಟಲಿಗಳಿದ್ದವು. ಎಣಿಸಿದೆ, ಟೀಚರ ಬುದ್ಧಿ. ಅವುಗಳಲ್ಲಿ ನಾಲ್ಕನ್ನು ತೆರೆದೇ ಇರಲಿಲ್ಲ. ಉಳಿದವು ಬೆರಳಗಲ ಇಳಿದಿದ್ದವು, ಅಷ್ಟೆ. ಗೋಡೆಯ ಮೇಲೆ ಆಕೆಯ ಫೋಟೋ ತೂಗುಹಾಕಿದ್ದ ಮೊಳೆ ಮಾತ್ರ ಉಳಿದಿತ್ತು. ಎಷ್ಟು ಕ್ರಿಸ್‌ಮಸ್ಸುಗಳಿಗೆ ಗಂಡ ಕೊಟ್ಟದ್ದೋ, ಎಷ್ಟು ಹುಟ್ಟುಹಬ್ಬಗಳಿಗೆ ಮಕ್ಕಳು ಕೊಟ್ಟದ್ದೋ. ಆ ತಾಯಿ ಯಾವ ದಿನಕ್ಕೆಂದು ಕಾದಿದ್ದರು?

ನಮ್ಮ ಹಿಂದೆಯೇ ಬಂದ ಒಬ್ಬ ವ್ಯಾಪಾರಿ ಟಾರ್ಚು ಬಿಟ್ಟು ಬಾಟಲಿಗಳನ್ನು ಪರೀಕ್ಷಿಸಿದ. ಮೊಹರು ಒಡೆಯದ ನಾಲ್ಕನ್ನೂ ಎತ್ತಿಕೊಂಡು ಹೋದ. ಹಳೆಯ ಸೆಂಟು ಕೂಡಿಡುವ ಜನ ಲೋಕದಲ್ಲಿ ಬಹಳವಿದ್ದಾರೆ. ಅವರಿಗೆ ಡಬ್ಬಿ ಸಮೇತ ಇದ್ದು, ಕತ್ತಿನ ದಾರ ಬಿಚ್ಚದೆ ಇದ್ದರೆ ಬೆಲೆ ಹೆಚ್ಚು. ಒಂದು ಹನಿ ಬಳಸಿದರೂ ಬೆಲೆ ಇಳಿಯಿತು. ಮುಟ್ಟದೆ ಇಟ್ಟದ್ದಕ್ಕೆ ಮರ್ಯಾದೆ ಹೆಚ್ಚು ಎಂಬ ಈ ಲೆಕ್ಕವನ್ನು ನಾನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ನಿಮಗೂ ಅನ್ನಿಸಬೇಕು.

ತಟ್ಟೆಯಲ್ಲಿ ಉಳಿದವುಗಳಲ್ಲಿ ಎರಡನ್ನು ನಾನು ಕೊಂಡೆ. ಒಂದು ಕೆಂಪು, ಒಂದು ನೀಲಿ.

ಕೆಂಪು ಬಾಟಲಿಯ ಹೆಸರು "ಸಂಸಾರ". ಸುಳ್ಳಲ್ಲ! ಗೆರ್ಲೇನ್ ಎಂಬ ಫ್ರೆಂಚ್ ಕಂಪನಿ 1989ರಲ್ಲಿ ಮಾಡಿದ ಸೆಂಟಿಗೆ ನಮ್ಮ ಸಂಸ್ಕೃತದ ಹೆಸರನ್ನೇ ಇಟ್ಟಿದೆ. ರಾತ್ರಿ ಊರಿಗೆ ಫೋನ್ ಮಾಡಿ, "ಎಂಟು ಡಾಲರಿಗೆ ಒಂದು ಸಂಸಾರ ಕೊಂಡೆ" ಎಂದರೆ ನಮ್ಮವರು, "ಮೂವತ್ತು ವರ್ಷದಿಂದ ಇರೋದು ಸಾಲದೇನೇ?" ಎಂದರು.

ನೀಲಿ ಬಾಟಲಿಯನ್ನು ನೋಡಿದಾಗ ಮಾತ್ರ ನಗು ಬರಲಿಲ್ಲ. ಅದು "ಇವ್ನಿಂಗ್ ಇನ್ ಪ್ಯಾರಿಸ್". ಬೂರ್ಜ್ವಾ ಎಂಬ ಕಂಪನಿಗಾಗಿ 1928ರಲ್ಲಿ ಅರ್ನೆಸ್ಟ್ ಬೋ ಎಂಬಾತ ಮಾಡಿದ್ದು. ಶನೆಲ್ ನಂಬರ್ 5 ಎಂಬ ಪ್ರಸಿದ್ಧ ಸೆಂಟನ್ನು ಮಾಡಿದವನೂ ಅವನೇ. ಆದರೆ ಇದು ಬಡವರ ಕೈಗೆಟಕುವ ಸೆಂಟು, ಅಮೆರಿಕದಲ್ಲಿ ಔಷಧಿ ಅಂಗಡಿಗಳಲ್ಲೂ ಮಾರುತ್ತಿದ್ದರು. ಕಡುನೀಲಿ ಗಾಜು, ಬೆಳ್ಳಿ ಬಣ್ಣದ ಚೀಟಿ.

ಅಂಥದ್ದೊಂದು ನಮ್ಮ ಅಮ್ಮನ ಹತ್ತಿರವಿತ್ತು. ಅಪ್ಪ ಸಹಕಾರಿ ಬ್ಯಾಂಕಿನ ಗುಮಾಸ್ತರು. ನೆಂಟರ ಮದುವೆಗೆಂದು ಬೊಂಬಾಯಿಗೆ ಹೋದವರು ತಂದುಕೊಟ್ಟಿದ್ದರಂತೆ. ಅಮ್ಮ ಅದನ್ನು ಹಚ್ಚಿಕೊಂಡದ್ದು ನನಗೆ ನೆನಪಿರುವಂತೆ ಮೂರೋ ನಾಲ್ಕೋ ಸಲ. ಮುಚ್ಚಳವನ್ನು ಕಿವಿಯ ಹಿಂದೆ ತಾಗಿಸಿ, ತಕ್ಷಣ ತಿರುಗಿಸಿ ಮುಚ್ಚಿಬಿಡುತ್ತಿದ್ದರು. "ನಂಗೂ ಅಮ್ಮ" ಎಂದರೆ, "ಮುಗಿದುಹೋಗತ್ತೆ ಕಣೇ" ಎಂಬ ಉತ್ತರ. 1982ರಲ್ಲಿ ಅಪ್ಪ ತೀರಿಕೊಂಡರು. ಆಗ ಅಮ್ಮನಿಗೆ ಮೂವತ್ತಾರು. ಹೂ ಹೋಯಿತು, ಕುಂಕುಮ ಹೋಯಿತು, ಬಣ್ಣದ ಸೀರೆ ಹೋಯಿತು. ಇವನ್ನು ತೆಗೆಸುವುದಕ್ಕೆ ಮನೆ ತುಂಬ ಜನವಿದ್ದರು. ಸೆಂಟಿನ ಬಾಟಲಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಅದನ್ನು ಅಮ್ಮ ತಾವೇ ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟರು.

2009ರಲ್ಲಿ ಅಮ್ಮ ಹೋದ ಮೇಲೆ ಆ ಟ್ರಂಕನ್ನು ತೆಗೆದವಳು ನಾನು. ಕರವಸ್ತ್ರ ಹಾಗೇ ಇತ್ತು, ಬಾಟಲಿ ಹಾಗೇ ಇತ್ತು, ಮುಚ್ಚಳ ಬಿಗಿಯಾಗಿಯೇ ಇತ್ತು. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಜೋನಿಬೆಲ್ಲದಂಥ ಒಂದಿಷ್ಟು ಕಂದು ಅಂಟು. ಇಪ್ಪತ್ತೇಳು ವರ್ಷ ಒಂದು ಹನಿ ಹಚ್ಚಿರಲಿಲ್ಲ. ಆದರೂ ಮುಗಿದುಹೋಗಿತ್ತು.

ನಾನು ಹೇಳಬೇಕೆಂದಿರುವುದು ಇದನ್ನೇ. ಸೆಂಟು ಬಂಗಾರವಲ್ಲ, ಇಟ್ಟಲ್ಲಿ ಇರುವುದಕ್ಕೆ. ಅದು ಮದ್ಯಸಾರದಲ್ಲಿ ಕರಗಿಸಿದ ಎಣ್ಣೆ. ಬಿಸಿಲು ಕಂಡರೆ ಕೆಡುತ್ತದೆ, ಸೆಕೆಗೆ ಕೆಡುತ್ತದೆ, ಮುಚ್ಚಳದ ಸಂದಿನಲ್ಲಿ ಸದ್ದಿಲ್ಲದೆ ಹಾರಿಹೋಗುತ್ತದೆ. ಮೊದಲು ಹೋಗುವುದು ನಿಂಬೆ, ಕಿತ್ತಳೆಯಂಥ ಚುರುಕು ಪರಿಮಳ. ಆಮೇಲೆ ಹೂವಿನದು. ಕಡೆಗೆ ಉಳಿಯುವುದು ಗಂಧ, ಪಾಚಿ, ಅಂಟಿನಂಥ ಭಾರದ ವಾಸನೆಗಳು. ನಾವು ಉಳಿಸುತ್ತಿದ್ದೇವೆ ಎಂದುಕೊಂಡಿರುತ್ತೇವೆ, ಅದು ನಮ್ಮನ್ನು ಕೇಳದೆ ಖರ್ಚಾಗುತ್ತಿರುತ್ತದೆ.

ಇದು ಬಾಟಲಿಗೆ ಮಾತ್ರ ಸೇರಿದ ಮಾತೆಂದುಕೊಳ್ಳಬೇಡಿ. ಆ ಕೆಂಪು ಬಾಟಲಿಯನ್ನೇ ತೆಗೆದುಕೊಳ್ಳಿ. ಅದರ ಹಳೆಯ ತಯಾರಿಕೆಗಾಗಿ ಜನ ಹುಡುಕಾಡುವುದೇಕೆ ಗೊತ್ತೇ? ಅದರಲ್ಲಿ ಮಲ್ಲಿಗೆಯ ಜೊತೆ ಮೈಸೂರಿನ ಗಂಧದೆಣ್ಣೆ ಧಾರಾಳವಾಗಿತ್ತೆಂದು. ಮೊದಲ ಮಹಾಯುದ್ಧದಿಂದ ಯೂರೋಪಿಗೆ ಗಂಧದ ಮರ ಸಾಗಿಸುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಇಲ್ಲೇ ಎಣ್ಣೆ ತೆಗೆಯುವ ಕೆಲಸ ಶುರುವಾಯಿತು. ನಮ್ಮ ಶಿವಮೊಗ್ಗದಲ್ಲೂ 1944ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಬಂತು. ಪ್ಯಾರಿಸ್ಸಿನ ಹೆಂಗಸರ ಕತ್ತಿನಲ್ಲಿ ಘಮಘಮಿಸಿದ್ದು ನಮ್ಮ ಕಾಡು. ಗಂಧದ ಊರಿನವಳಾದ ನಾನು ಆ ಪರಿಮಳವನ್ನು ಹಾಗೆ ಮನಸ್ಸು ತುಂಬ ಮೂಸಿದ್ದು ನ್ಯೂಜೆರ್ಸಿಯ ಸತ್ತ ಮನೆಯೊಂದರಲ್ಲಿ!

ಈಗ ಅಷ್ಟು ಗಂಧ ಎಲ್ಲಿದೆ? ಮರವನ್ನು ಕಾಪಾಡಲಿಲ್ಲವೆಂದಲ್ಲ, ಕಾಪಾಡಿದ್ದು ಬೀಗ ಹಾಕಿ. ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. ಆಮೇಲೆ ಬಂದ ಅರಸರೂ ಸರಕಾರಗಳೂ ಅದನ್ನೇ ಮುಂದುವರಿಸಿದರು. ನಿಮ್ಮ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಆಗ ನಿಮ್ಮದಾಗಿರಲಿಲ್ಲ. ಅದರ ಲೆಕ್ಕ ಕೇಳುವವರು ಬರುತ್ತಿದ್ದರು, ಕಳ್ಳರೂ ಬರುತ್ತಿದ್ದರು. ಹೀಗಾಗಿ ಎಷ್ಟೋ ರೈತರು ಗಂಧದ ಸಸಿ ಕಂಡರೆ ಸದ್ದಿಲ್ಲದೆ ಕಿತ್ತೆಸೆದರು. ಒಳ್ಳೆಯ ಎಣ್ಣೆ ಬೇರಿನಲ್ಲೂ ಇರುವುದರಿಂದ ಕಳ್ಳರು ಬುಡಸಮೇತ ಅಗೆದರು. 1998ರ ಹೊತ್ತಿಗೆ ಅದು ಅಪಾಯದಂಚಿನ ಮರಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ, ಮರ ಜಮೀನಿನವನದೇ ಎಂದಿತು. ಆಮೇಲೆ ಜನ ಧೈರ್ಯವಾಗಿ ನೆಡತೊಡಗಿದರು. ಅಷ್ಟರಲ್ಲಿ ನಮ್ಮ ಜಾತಿಯ ಗಂಧವನ್ನೇ ಆಸ್ಟ್ರೇಲಿಯಾದವರು ತೋಟ ಮಾಡಿ ಬೆಳೆಯುತ್ತಿದ್ದರು. ಇನ್ನೂರಕ್ಕೂ ಹೆಚ್ಚು ವರ್ಷ ಬೀಗ ಹಾಕಿಟ್ಟ ಮರದ ಕಥೆ ಇದು. ಅಮ್ಮನ ಟ್ರಂಕಿನ ಕಥೆಗೂ ಇದಕ್ಕೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ಈಗ ನನ್ನ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಸತ್ತವರ ಸೆಂಟು ಅಸಹ್ಯವಂತೆ. ಒಪ್ಪೋಣ. ಹಾಗಾದರೆ ಸತ್ತವರ ಬಂಗಾರ? ಅತ್ತೆ ತೀರಿಕೊಂಡ ಹದಿಮೂರನೆಯ ದಿನವೇ ಅವಲಕ್ಕಿ ಸರ ಯಾರಿಗೆ, ಪದಕದ ಸರ ಯಾರಿಗೆ ಎಂದು ಪಂಚಾಯ್ತಿ ನಡೆಸುವ ಮನೆಗಳಲ್ಲಿ ಒಬ್ಬರಾದರೂ "ಛೀ, ಸತ್ತವರ ಮೈಮೇಲಿದ್ದದ್ದು" ಎಂದದ್ದನ್ನು ನೀವು ಕೇಳಿದ್ದೀರಾ? ಅಲ್ಲಿ ಇಲ್ಲದ ಮಡಿ ಇಲ್ಲೇಕೆ? ಮಾರಿದರೆ ದುಡ್ಡು ಹುಟ್ಟುವ ವಸ್ತುವಿಗೆ ಮೈಲಿಗೆಯಿಲ್ಲ, ಬರೀ ಸಂತೋಷ ಕೊಡುವ ವಸ್ತುವಿಗೆ ಮಾತ್ರ ಮೈಲಿಗೆ. ಇದು ಮಡಿಯೂ ಅಲ್ಲ ಮಣ್ಣೂ ಅಲ್ಲ, ಲೆಕ್ಕಾಚಾರ.

ಇನ್ನೊಬ್ಬರು, "ಈ ವಯಸ್ಸಿನಲ್ಲಿ ಬೇಕಿತ್ತೇ?" ಎಂದರು. ವಯಸ್ಸಾದಷ್ಟೂ ಎಣಿಸುವುದಕ್ಕೆ ದಿನಗಳು ಕಡಿಮೆ. ಹಾಗಿರುವಾಗ ಇಪ್ಪತ್ತರವಳು ಮುಂದೂಡಿದರೆ ಕ್ಷಮಿಸಬಹುದು, ಐವತ್ತು ದಾಟಿದವಳು ಮುಂದೂಡಿದರೆ ಹೇಗೆ? ಸೆಂಟು ಶೋಕಿ, ದುಂದು ಎನ್ನುವವರಿಗೂ ನನ್ನದೊಂದು ಪ್ರಶ್ನೆ. ಕೊಂಡು ಬಳಸುವುದು ದುಂದೋ, ಕೊಂಡು ಟ್ರಂಕಿನಲ್ಲಿ ಒಣಗಿಸುವುದು ದುಂದೋ? ಎಂಟನೆಯ ತರಗತಿಯ ಮಕ್ಕಳಿಗೆ ಕೇಳಿದರೂ ಸರಿಯುತ್ತರ ಬರೆಯುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ಆಕ್ಷೇಪಣೆಯೊಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಂಗಸಿನ ಮೈಯ ಪರಿಮಳ ಇನ್ನೊಬ್ಬರಿಗಾಗಿ ಇರತಕ್ಕದ್ದು ಎಂಬುದು. ಗಂಡನಿದ್ದರೆ ಹೂ, ಇಲ್ಲದಿದ್ದರೆ ಇಲ್ಲ. ಮದುವೆಮನೆಗೆ ಹೊರಟರೆ ಸೆಂಟು, ಒಲೆಯ ಮುಂದೆ ನಿಂತರೆ ಒಗ್ಗರಣೆಯ ಘಾಟು. ಅಮ್ಮನಿಗೆ ಆ ಸೆಂಟು ಇಷ್ಟವಿತ್ತು. ಅಪ್ಪ ಹೋದ ಮಾತ್ರಕ್ಕೆ ಅವರ ಮೂಗೇನೂ ಹೋಗಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಹನಿ ಹಚ್ಚಿಕೊಂಡಿದ್ದರೆ ಯಾರ ಮನೆಯ ಗಂಟು ಹೋಗುತ್ತಿತ್ತು? ಹಾಗೆ ಮಾಡಬಹುದು ಎಂದು ಅವರಿಗೆ ಹೇಳುವವರು ಒಬ್ಬರೂ ಇರಲಿಲ್ಲ. ನಾನೂ ಹೇಳಲಿಲ್ಲ. ಓದಿ, ಬಿ.ಎಡ್. ಮಾಡಿ, ಊರ ಮಕ್ಕಳಿಗೆಲ್ಲ ಬುದ್ಧಿ ಹೇಳಿದವಳು ಮನೆಯಲ್ಲಿ ಇಪ್ಪತ್ತೇಳು ವರ್ಷ ಸುಮ್ಮನಿದ್ದೆ. ಈ ಲೇಖನದಲ್ಲಿ ಯಾರ ಮೇಲಾದರೂ ಸಿಟ್ಟು ಕಂಡರೆ ಅದರಲ್ಲಿ ದೊಡ್ಡ ಪಾಲು ನನ್ನ ಮೇಲೆಯೇ.

ಆ ನೀಲಿ ಬಾಟಲಿಯನ್ನು ಮನೆಗೆ ತಂದು ಮಗಳ ಮುಂದೆ ತೆರೆದೆ. ಮೊದಲ ಕ್ಷಣ ಉಗುರುಬಣ್ಣದಂಥ ವಾಸನೆ ಬಂತು. "ಕೆಟ್ಟುಹೋಗಿದೆ ಅಮ್ಮ, ಎಸೆದುಬಿಡು" ಎಂದಳು. ಹಳೆಯ ಸೆಂಟು ಹಾಗೆಯೇ, ಹತ್ತು ನಿಮಿಷ ತಾಳಬೇಕು. ತಾಳಿದೆವು. ಆಮೇಲೆ ನನ್ನ ಮಣಿಕಟ್ಟಿನಿಂದ ಬಂದದ್ದು, ಮದುವೆಮನೆಯಿಂದ ತಡವಾಗಿ ಬಂದು ನನ್ನ ಹೊದಿಕೆ ಸರಿಮಾಡುತ್ತಿದ್ದ ಅಮ್ಮನ ಸೆರಗಿನ ವಾಸನೆ. ಬಾಣಂತಿಯ ಮುಂದೆ ಅಳಬಾರದೆಂದು ಅಡಿಗೆಮನೆಗೆ ಎದ್ದುಹೋದೆ.

ಈಗ ನಿಮಗೆ ಒಂದು ಹೋಂವರ್ಕು. ಈ ಪುಸ್ತಕ ಕೆಳಗಿಟ್ಟು ಬೀರು ತೆಗೆಯಿರಿ. ದುಬೈಯಿಂದ ತಮ್ಮ ತಂದದ್ದೋ, ಮಗನ ಮೊದಲ ಸಂಬಳದ್ದೋ, ಅಜ್ಜಿಯ ಕಾಲದ ಅತ್ತರಿನ ಕುಪ್ಪಿಯೋ ಇದ್ದೇ ಇರುತ್ತದೆ. ಬಚ್ಚಲುಮನೆಯಲ್ಲಿದ್ದರೆ ಅಲ್ಲಿಂದ ತೆಗೆಯಿರಿ, ಹಬೆಗೆ ಬೇಗ ಕೆಡುತ್ತದೆ. ಕಿಟಕಿಯಲ್ಲಿದ್ದರೆ ನೆರಳಿಗಿಡಿ. ಅರ್ಧವಾಗಿರುವುದನ್ನು ಮೊದಲು ಮುಗಿಸಿ, ಬಾಟಲಿಯೊಳಗೆ ಗಾಳಿ ಹೆಚ್ಚಿದಷ್ಟೂ ಬೇಗ ಹಾಳು. ತೆರೆಯದ್ದನ್ನು ತೆರೆಯಿರಿ. ಮನೆಯಲ್ಲಿ ಅಮ್ಮನೋ ಅತ್ತೆಯೋ ಇದ್ದರೆ, ಅವರು ಹಣೆಗೆ ಏನನ್ನೂ ಇಡದವರಾಗಿದ್ದರೆ, ಮೊದಲು ಅವರ ಕೈ ಹಿಡಿದು ಹಚ್ಚಿ. ಬೇಡ ಬೇಡ ಎನ್ನುತ್ತಾರೆ. ಆಮೇಲೆ ಯಾರೂ ನೋಡದಾಗ ಕೈಯನ್ನು ಮೂಗಿನ ಹತ್ತಿರ ತರುತ್ತಾರೆ, ಗಮನಿಸಿ.

ನನ್ನ "ಸಂಸಾರ" ಈಗ ಕಾಲು ಬಾಟಲಿ ಉಳಿದಿದೆ. ನಿನ್ನೆ ಮಂಗಳವಾರ, ಕಿರುಪರೀಕ್ಷೆಯ ಪೇಪರು ತಿದ್ದುವ ದಿನ, ವಿಶೇಷವೇನೂ ಇರಲಿಲ್ಲ. ಹಚ್ಚಿಕೊಂಡೇ ಹೋಗಿದ್ದೆ. ಗಣಿತದ ಟೀಚರು ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ನಮ್ಮನೇಲೂ ಒಂದಿದೆ ಟೀಚರ್, ಮದುವೆ ವರ್ಷದ್ದು. ಕೆಟ್ಟಿರತ್ತೇನೋ?" ಎಂದು ಕೇಳಿದರು.

"ನಾಳೆ ತನ್ನಿ, ನೋಡೋಣ" ಎಂದೆ.