ಕೇಳಿದವನು ಮೊದಲು ತನ್ನ ಗುರುತು ಹೇಳಲಿ

ವರವು ಕಾವಲಿನ ಹೆಸರು ಹೇಳಿ ಚಳ್ಳಕೆರೆಯ ಕಂಬಳಿ ವ್ಯಾಪಾರಿಯೊಬ್ಬರನ್ನು ಸುಲಿದ ಸಂಗತಿ ಈ ವಾರ ನಮ್ಮ ಕಚೇರಿಗೆ ಬಂದಿದೆ. ಫೋನು ಮಾಡಿದವನು ತಾನು ಕಾವಲಿನೊಳಗಿನ ರಕ್ಷಣಾ ಕೇಂದ್ರದ ಖರೀದಿ ವಿಭಾಗದವನೆಂದೂ, ಸಿಪಾಯಿಗಳಿಗೆ ಅರವತ್ತು ಕಂಬಳಿ ಬೇಕೆಂದೂ, ಹಣವನ್ನು ಮುಂಗಡವಾಗಿಯೇ ಕಳಿಸುವೆನೆಂದೂ ಹಿಂದಿಯಲ್ಲಿ ಹೇಳಿದನಂತೆ. ಅನಂತರ ಫೋನಿಗೆ ಒಂದು ಕ್ಯೂ.ಆರ್. ಚಿತ್ರ ಬಂತು. "ಇದನ್ನು ಸ್ಕ್ಯಾನ್ ಮಾಡಿ, ನಿಮ್ಮ ಪಿನ್ ಒತ್ತಿ, ಹಣ ನಿಮ್ಮ ಖಾತೆಗೆ ಬೀಳುತ್ತದೆ" ಎಂದನು. ಒತ್ತಿದರು. ಹಣ ಬೀಳಲಿಲ್ಲ, ಇದ್ದದ್ದೂ ಹೋಯಿತು.

ಆ ವ್ಯಾಪಾರಿ ದಡ್ಡರಲ್ಲ. ಕಂಬಳಿಯ ಅಂಚನ್ನು ಬೆರಳ ನಡುವೆ ತಿಕ್ಕಿ ಉಣ್ಣೆ ಎಷ್ಟು, ಬೆರಕೆ ಎಷ್ಟು ಎಂದು ಹೇಳಬಲ್ಲವರು. ಅವರು ನಂಬಿದ್ದಕ್ಕೆ ಕಾರಣವಿತ್ತು. ಕಾವಲಿನಲ್ಲಿ ರಕ್ಷಣಾ ಸಂಶೋಧನೆಯ 4,290 ಎಕರೆಯ ಕೇಂದ್ರವಿರುವುದು ನಿಜ. 2017ರ ಮೇ 28ರಂದು ಅಲ್ಲಿನ ವಿಮಾನ ಪರೀಕ್ಷಾ ವಲಯದ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದವರ ರೆಕ್ಕೆಯ ನೌಕೆ ಅಲ್ಲಿಯೇ ತಾನಾಗಿ ಇಳಿದದ್ದನ್ನು ದೇಶವೆಲ್ಲ ಕೊಂಡಾಡಿತು. ಆದರೆ ಬೇಲಿಯ ಹೊರಗಿನ ನಮಗೆ ಒಳಗೆ ಯಾರಿದ್ದಾರೆ, ಯಾರನ್ನು ವಿಚಾರಿಸಬೇಕು ಎಂಬುದು ತಿಳಿಯದು. ಅಮೃತಮಹಲ್ ಕಾವಲುಗಳನ್ನು ಹಂಚಿಕೊಡುವಾಗ ದನ ಕುರಿ ಮೇಯಿಸಿಕೊಂಡಿದ್ದ ಹಳ್ಳಿಗಳನ್ನು ಒಂದು ಮಾತೂ ಕೇಳಲಿಲ್ಲವೆಂಬ ದೂರು ಹಸಿರು ನ್ಯಾಯಮಂಡಳಿಯ ತನಕ ಹೋಗಿತ್ತು. ದೊಡ್ಡವರು ನಮ್ಮನ್ನು ಕೇಳುವುದಿಲ್ಲ. ನಾವು ಮಾತ್ರ ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಈ ಹಳೆಯ ಅಭ್ಯಾಸವೇ ಫೋನಿನ ಕಳ್ಳರಿಗೆ ಬಂಡವಾಳವಾಗಿದೆ.

ಎರಡನೆಯ ಸಂಗತಿ ಇನ್ನೂ ನೋವಿನದು. ಎಣ್ಣೆ ಗಿರಣಿಯೊಂದರ ಕಾರ್ಮಿಕರೊಬ್ಬರಿಗೆ ಶನಿವಾರ ಮಧ್ಯಾಹ್ನ, ಯಂತ್ರದ ಸದ್ದಿನ ನಡುವೆ, ಪಿ.ಎಫ್. ಕಚೇರಿಯ ಹೆಸರಿನಲ್ಲಿ ಫೋನು ಬಂತು. ಅವರ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಅವನೇ ಹೇಳಿದನು. "ದಾಖಲೆ ಸರಿಪಡಿಸದಿದ್ದರೆ ನಿಮ್ಮ ಪಿಂಚಣಿ ನಿಲ್ಲುತ್ತದೆ, ಇಂದೇ ಕಡೆಯ ದಿನ" ಎಂದನು. ಬ್ಯಾಂಕ್ ಕಾರ್ಡಿನ ಸಂಖ್ಯೆ ಹೇಳಿಸಿಕೊಂಡು, ವಾಟ್ಸಾಪಿನಲ್ಲಿ ಒಂದು ಫೈಲು ಕಳಿಸಿ ಅದನ್ನು ಒತ್ತಿಸಿದನು. ಅಂದಿನಿಂದ ಬ್ಯಾಂಕು ಕಳಿಸುವ ಓ.ಟಿ.ಪಿ. ಇವರಿಗೆ ಬರುವ ಮೊದಲೇ ಅವನಿಗೆ ಹೋಗತೊಡಗಿತು. ಶನಿವಾರ ಸಂಜೆ 6,000 ರೂಪಾಯಿ, ಭಾನುವಾರ 7,400, ಸೋಮವಾರ 5,000. ಮಗಳ ಕಾಲೇಜಿನ ಫೀಜಿಗೆಂದು ಕೂಡಿಟ್ಟ ಹಣ. ಶನಿವಾರ ರಾತ್ರಿಯೇ ಗೊತ್ತಾದರೂ ಅವರು ಬುಧವಾರದವರೆಗೆ ಹೆಂಡತಿಗೂ ಹೇಳಲಿಲ್ಲ. "ಹೇಗೆ ಹೇಳಲಿ ಮೇಷ್ಟ್ರೇ, ನಾಚಿಕೆ ಆಯ್ತು" ಎಂದರು.

ಈ ಮಾತು ಕೇಳಿ ನಮಗೂ ನಾಚಿಕೆಯಾಯಿತು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಮಕ್ಕಳಿಗೆ ನಾವು ಕಲಿಸಿದ್ದೇನು? ದೊಡ್ಡವರು ಕೇಳಿದರೆ ಎದ್ದು ನಿಂತು ಉತ್ತರ ಹೇಳು. ತಿರುಗಿ ಪ್ರಶ್ನೆ ಕೇಳಬೇಡ. ಆ ಮಕ್ಕಳು ಬೆಳೆದು ಗಿರಣಿಗೆ ಬಂದಿದ್ದಾರೆ, ಅಂಗಡಿ ಇಟ್ಟಿದ್ದಾರೆ. ಫೋನಿನಲ್ಲಿ ಗಟ್ಟಿಯಾದ ಅಧಿಕಾರದ ದನಿ ಕೇಳಿದೊಡನೆ ಅವರೊಳಗಿನ ಹುಡುಗ ಎದ್ದು ನಿಲ್ಲುತ್ತಾನೆ. ಈ ಪಾಠವನ್ನು ಈಗ ನಾವೇ ಮರೆಸಬೇಕಾಗಿದೆ.

ಹೆಸರು ಊರು ಅವನಿಗೆ ಹೇಗೆ ಗೊತ್ತಾಯಿತು ಎಂದು ಎಲ್ಲರೂ ಕೇಳುತ್ತಾರೆ. ಇಷ್ಟೆಲ್ಲ ಗೊತ್ತಿದ್ದವನು ನಿಜವಾದ ಅಧಿಕಾರಿಯೇ ಇರಬೇಕೆಂದು ನಂಬುತ್ತಾರೆ. ಮಿತ್ರರೇ, ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿಗಳನ್ನು ನಾವು ಎಲ್ಲೆಲ್ಲಿ ಕೊಟ್ಟಿದ್ದೇವೆಂದು ಒಮ್ಮೆ ಎಣಿಸಿ ನೋಡಿ. ಸಿಮ್ ಕೊಂಡ ಅಂಗಡಿಯಲ್ಲಿ, ಸಾಲದ ಸಂಘದಲ್ಲಿ, ಗಿರಣಿಯ ಹಾಜರಿ ಗುಮಾಸ್ತನಲ್ಲಿ, ಲಾಡ್ಜಿನಲ್ಲಿ. ಮೋಟಾರು ಬೈಕು ಬಹುಮಾನವೆಂದು ಜಾತ್ರೆಯಲ್ಲಿ ಕೂಪನ್ ತುಂಬಿ ಡಬ್ಬಿಗೆ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ! ಬೈಕು ಬಂದವರನ್ನು ನಾವು ಕಾಣೆವು. ಸರಕಾರದ ಕಡತಗಳೂ ಭದ್ರವೆನ್ನುವ ಹಾಗಿಲ್ಲ. ಆಸ್ತಿ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತನ್ನು ಕದ್ದು, ಆಧಾರ್ ಮೂಲಕ ಹಣ ತೆಗೆದ ದೂರುಗಳು 2023ರಲ್ಲಿ ಬೆಂಗಳೂರಿನಲ್ಲಿಯೇ ಬಂದವು. ಆದುದರಿಂದ ನಿಮ್ಮ ಹೆಸರು ಬಲ್ಲವನು ನಿಮ್ಮವನೆಂದು ತಿಳಿಯತಕ್ಕದ್ದಲ್ಲ.

ಹಾಗಾದರೆ ಫೋನು ಬಂದಾಗ ಮಾಡುವುದೇನು? ನಮ್ಮ ಅಭಿಮತ ಸರಳವಾಗಿದೆ. ಫೋನು ಮಾಡಿದವನು ಅವನು. ಗುರುತು ಸಾಬೀತು ಮಾಡುವ ಹೊಣೆಯೂ ಅವನದೇ. "ಯಾವ ಕಚೇರಿ, ಯಾವ ಊರು, ಏನು ಕೆಲಸ? ನಾನೇ ವಿಚಾರಿಸಿಕೊಳ್ಳುತ್ತೇನೆ" ಎಂದು ಹೇಳಿ ಫೋನು ಇಡಿ. ಅನಂತರ ಪಾಸ್‌ಬುಕ್ಕಿನ ಮೇಲಿರುವ ಬ್ಯಾಂಕಿನ ಸಂಖ್ಯೆಗೆ ನೀವಾಗಿ ಮಾಡಿ, ಇಲ್ಲವೇ ಕಚೇರಿಗೆ ಕಾಲ್ನಡೆಯಲ್ಲಿ ಹೋಗಿ. ಅವನು ಕೊಟ್ಟ ಸಂಖ್ಯೆಗೆ ಮಾಡಬೇಡಿ. ಅಲ್ಲಿ ಎತ್ತುವವನು ಅವನ ಭಾವಮೈದುನನೇ ಆಗಿರುತ್ತಾನೆ. ಫೋನು ಕತ್ತರಿಸುವುದು ಅವಿನಯವಲ್ಲ. "ಈಗಲೇ, ಇಂದೇ, ಯಾರಿಗೂ ಹೇಳಬೇಡಿ" ಎಂಬ ಮೂರು ಮಾತುಗಳಲ್ಲಿ ಒಂದು ಬಂದರೂ ಅದು ಕಳ್ಳನ ಮಾತೆಂದೇ ತಿಳಿಯಿರಿ.

ಪಿ.ಎಫ್. ಸಂಸ್ಥೆ ಫೋನಿನಲ್ಲಿ ಯಾರ ಆಧಾರ್ ಸಂಖ್ಯೆಯನ್ನೂ, ಪಾಸ್‌ವರ್ಡನ್ನೂ, ಓ.ಟಿ.ಪಿ.ಯನ್ನೂ ಕೇಳುವುದಿಲ್ಲವೆಂದು ತಾನೇ ಮತ್ತೆ ಮತ್ತೆ ಪ್ರಕಟಿಸಿದೆ. ವ್ಯಾಪಾರಿ ಬಂಧುಗಳು ಒಂದನ್ನು ಗೋಡೆಯ ಮೇಲೆ ಬರೆದಿಡಲಿ: ಹಣ ಪಡೆಯಲು ಪಿನ್ ಬೇಡ, ಪಿನ್ ಬೇಕಾಗುವುದು ಹಣ ಕೊಡಲು. ಪೊಲೀಸ್ ಉಡುಪಿನಲ್ಲಿ ವೀಡಿಯೋದಲ್ಲಿ ಕಾಣಿಸಿಕೊಂಡು "ನಿಮ್ಮನ್ನು ಬಂಧಿಸಿದ್ದೇವೆ, ಕೋಣೆ ಬಿಟ್ಟು ಕದಲಬೇಡಿ" ಎನ್ನುವವರೂ ಇದ್ದಾರೆ. ಫೋನಿನ ಮೂಲಕ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. ಈ ದಂಧೆಯ ತನಿಖೆಯನ್ನು ಸುಪ್ರೀಂ ಕೋರ್ಟು 2025ರ ಡಿಸೆಂಬರ್ 1ರಂದು ಸಿ.ಬಿ.ಐ.ಗೆ ಒಪ್ಪಿಸಿತು. ಸಾಲ ಕೊಡುವೆವು, ವಿಮೆ ಮಾಡುವೆವು ಎಂದು ಬರುವ ಕಂಪೆನಿಗಳ ಕಾಟಕ್ಕೆ 1909ಕ್ಕೆ ದೂರು ಕೊಡಬಹುದು, ಅಂಥ ಕರೆಗಳೇ ಬೇಡವೆಂದು ನೋಂದಾಯಿಸಲೂಬಹುದು. ಮೊಳಕಾಲ್ಮೂರಿನ ನೇಕಾರರಿಗೆ ಒಂದು ಮಾತು: ಸಾಲ ಮಂಜೂರಾಗಿದೆ, ಮೊದಲು ಶುಲ್ಕ ಕಳಿಸಿ ಎನ್ನುವವನಿಂದ ಯಾವ ಸಾಲವೂ ಬರುವುದಿಲ್ಲ.

ಇನ್ನು ಹಣ ಹೋದ ಮೇಲಿನ ಮಾತು. ಇದನ್ನು ಗಮನವಿಟ್ಟು ಓದಬೇಕೆಂದು ಪ್ರಾರ್ಥನೆ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಗ್ರಾಹಕನ ಹೊಣೆ ಎಷ್ಟು, ಬ್ಯಾಂಕಿನ ಹೊಣೆ ಎಷ್ಟು ಎಂದು ಗೆರೆ ಎಳೆದಿದೆ. ಗ್ರಾಹಕನದೂ ಬ್ಯಾಂಕಿನದೂ ಅಲ್ಲದ ತಪ್ಪಿನಿಂದ ಹಣ ಹೋಗಿ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ. ಗ್ರಾಹಕನೇ ಗುಟ್ಟಿನ ಸಂಖ್ಯೆ ಹೇಳಿಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಮಾತ್ರ ಅವನದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ನಮ್ಮ ಗಿರಣಿ ಕಾರ್ಮಿಕರ ಲೆಕ್ಕವನ್ನು ಇದಕ್ಕೆ ಹಿಡಿದು ನೋಡಿ. ಶನಿವಾರ ರಾತ್ರಿಯೇ ಬ್ಯಾಂಕಿನ ಫೋನಿಗೆ ತಿಳಿಸಿ ಕಾರ್ಡು ನಿಲ್ಲಿಸಿದ್ದರೆ ಹೋಗುತ್ತಿದ್ದುದು 6,000. ಉಳಿದ 12,400 ಹೋಗಿದ್ದು ನಾಚಿಕೆಗೆ.

ಆದಕಾರಣ ಮೊದಲ ಕೆಲಸ 1930ಕ್ಕೆ ಫೋನು. ಇದು ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧದ ಸಂಖ್ಯೆ. ಕಳ್ಳನು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವ ಮೊದಲು ತಡೆಹಿಡಿಯಲು ಆ ವ್ಯವಸ್ಥೆಯಿದೆ. ಗಂಟೆ ಕಳೆದಷ್ಟೂ ಆಶೆ ಕಡಿಮೆ. ಎರಡನೆಯ ಕೆಲಸ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳುವುದು. "ನೀನೇ ಹೇಳಿದ್ದೀಯ, ನಾವೇನು ಮಾಡೋಣ" ಎಂದು ಕೌಂಟರಿನಲ್ಲಿ ಗದರಿದರೆ ಆ ಮಾತನ್ನು ಬರವಣಿಗೆಯಲ್ಲಿ ಕೊಡಿರೆಂದು ಕೇಳಿ. ಬರವಣಿಗೆ ಎಂದೊಡನೆ ದನಿ ತಗ್ಗುವುದನ್ನು ನಾವು ಹಲವು ಕಚೇರಿಗಳಲ್ಲಿ ಕಂಡಿದ್ದೇವೆ. 2024ರಲ್ಲಿ ಈ ದೇಶದ ಜನ ಸೈಬರ್ ಮೋಸದಲ್ಲಿ ಕಳೆದುಕೊಂಡದ್ದು ಸುಮಾರು 22,845 ಕೋಟಿ ರೂಪಾಯಿಯೆಂದು ಗೃಹ ಇಲಾಖೆಯೇ ಲೋಕಸಭೆಗೆ ತಿಳಿಸಿದೆ. ಅಷ್ಟು ಜನರೂ ದಡ್ಡರೇ?

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಹೊಣೆಯನ್ನೂ ಬಡವನ ಜಾಣತನದ ಮೇಲೆ ಹೇರಿದಂತಾಗುತ್ತದೆ. ಸರಕಾರ ಮಾಡಿದ್ದೇನು? ಖಾಸಗಿತನ ಪ್ರತಿಯೊಬ್ಬನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತು. ಆರು ವರ್ಷದ ಮೇಲೆ, 2023ರಲ್ಲಿ, ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಕಂಪೆನಿಗಳು ನಮ್ಮ ವಿವರಗಳನ್ನು ಜೋಪಾನ ಮಾಡಬೇಕೆಂಬ ಮುಖ್ಯ ಕಟ್ಟುಪಾಡುಗಳಿಗೆ ಆ ನಿಯಮಗಳು ಇನ್ನೂ 18 ತಿಂಗಳ ಗಡುವು ಕೊಟ್ಟವು. ಆದರೆ ಅದೇ ಕಾಯಿದೆಯೊಳಗೆ ಸೇರಿಸಿದ್ದ ಮಾಹಿತಿ ಹಕ್ಕಿನ ತಿದ್ದುಪಡಿ ಮಾತ್ರ ಒಡನೆಯೇ ಜಾರಿಗೆ ಬಂತು! "ಇದು ವೈಯಕ್ತಿಕ ಮಾಹಿತಿ" ಎಂದು ಹೇಳಿ ಅಧಿಕಾರಿ ನಮ್ಮ ಅರ್ಜಿಯನ್ನು ತಳ್ಳಿಹಾಕುವುದು ಈಗ ಮೊದಲಿಗಿಂತ ಸುಲಭ. ನಮ್ಮ ಗುಟ್ಟು ಕಾಯಲು ಕಂಪೆನಿಗೆ ಒಂದೂವರೆ ವರ್ಷದ ಸಾವಕಾಶ, ತಮ್ಮ ಗುಟ್ಟು ಕಾಯಲು ಕಚೇರಿಗೆ ಒಂದು ದಿನವೂ ತಡವಿಲ್ಲ.

ಗಿರಣಿ ಮಾಲೀಕರಿಗೂ ನಮ್ಮದೊಂದು ಕೇಳಿಕೆಯಿದೆ. ಕಾರ್ಮಿಕರ ಆಧಾರ್ ಪ್ರತಿ, ಬ್ಯಾಂಕ್ ಖಾತೆ, ಫೋನ್ ಸಂಖ್ಯೆಗಳ ಕಡತ ಗುಮಾಸ್ತನ ಮೇಜಿನ ಮೇಲೆ ಬಿದ್ದಿರುವುದನ್ನು ನಾವೇ ನೋಡಿದ್ದೇವೆ. ಅದಕ್ಕೊಂದು ಬೀಗ ಹಾಕಿಸಿ. ಯಾರಿಗೆ, ಯಾವಾಗ ತೋರಿಸಿದಿರಿ ಎಂಬುದಕ್ಕೆ ಒಂದು ಪುಸ್ತಕ ಇಡಿ. ಎಣ್ಣೆ ಡಬ್ಬಿಗಳ ಲೆಕ್ಕವನ್ನು ಇಷ್ಟು ಬಿಗಿಯಾಗಿ ಇಡುವವರಿಗೆ ಇದು ಕಷ್ಟವಾಗಲಾರದು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಿಂದ ಪಕ್ಷದ ಕಚೇರಿಯಲ್ಲಿ ಇಂಥ ದೂರುಗಳ ಅರ್ಜಿಯನ್ನು ಉಚಿತವಾಗಿ ಬರೆದುಕೊಡಲಾಗುವುದು. ಹಣ ಕಳೆದುಕೊಂಡವರು ಪಾಸ್‌ಬುಕ್ಕನ್ನೂ, ಫೋನಿಗೆ ಬಂದ ಸೂಚನೆಗಳನ್ನು ಅಳಿಸದೆ ಫೋನನ್ನೂ ತರತಕ್ಕದ್ದು. ಪಿನ್ ಮತ್ತು ಓ.ಟಿ.ಪಿ.ಯನ್ನು ನಮಗೂ ಹೇಳಬೇಕಾಗಿಲ್ಲ.